ವೈ.ವಿ. ರಾವ್ ಯಾವ ಭಾಷೆಯ ನಿರ್ದೇಶಕ? ಮೂಕಿ ಚಿತ್ರಗಳಿಗೆ ನಮ್ಮ ಭಂಡಾರದಲ್ಲಿ ಜಾಗ ಇದೆಯಾ?

2025ರ ಮಾರ್ಚ್‌ನಲ್ಲಿ ಮಂಡನೆಯಾದ ರಾಜ್ಯ ಬಜೆಟ್‌ನಲ್ಲಿ ಸಿನಿಮಾಕ್ಕೆ ಸಂಬಂಧಪಟ್ಟ ಘೋಷಣೆಗಳು ಕೆಲವಿದ್ದವು. ಟಿಕೆಟ್ ದರ 200 ರೂಪಾಯಿ ದಾಟಬಾರದು ಅನ್ನುವ ಮಾತು ಎಲ್ಲ ಕಡೆ ಚರ್ಚೆಯಾಯಿತು, ಆಮೇಲೆ ಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಅದೇ ಬಜೆಟ್‌ನಲ್ಲಿ ಇನ್ನೊಂದು ಸಾಲಿತ್ತು, ಅದರ ಬಗ್ಗೆ ಮಾತಾಡಿದವರು ಕಡಿಮೆ. ನಾಡಿನ ಸಾಮಾಜಿಕ, ಐತಿಹಾಸಿಕ, ಸಾಂಸ್ಕೃತಿಕ ಬದುಕನ್ನು ತೋರಿಸುವ ಒಳ್ಳೆಯ ಕನ್ನಡ ಚಿತ್ರಗಳನ್ನು ಕೂಡಿಡಲು ಒಂದು ಭಂಡಾರ ಮಾಡುತ್ತೇವೆ, ಅದಕ್ಕೆ 3 ಕೋಟಿ ರೂಪಾಯಿ ಕೊಡುತ್ತೇವೆ ಅನ್ನುವ ಸಾಲು ಅದು. ಇಂಥದ್ದೊಂದು ಭಂಡಾರ ಎಷ್ಟೋ ವರ್ಷದ ಹಿಂದೆಯೇ ಬರಬೇಕಿತ್ತು. ಈಗಲಾದರೂ ಬರುತ್ತದೆ ಅಂದರೆ ಸಂತೋಷವೇ.

ಆದರೆ ಒಂದು ತೊಡಕು ಇದೆ. ಭಂಡಾರ ಕಟ್ಟುವವರು ಕನ್ನಡ ಚಿತ್ರ ಅಂದರೆ ಕನ್ನಡ ಮಾತು ಕೇಳಿಸುವ ಚಿತ್ರ ಅಂತ ಲೆಕ್ಕ ಹಾಕಿಕೊಂಡರೆ, 1934ಕ್ಕಿಂತ ಮುಂಚೆ ಬೆಂಗಳೂರಿನಲ್ಲಿ ತಯಾರಾದ ಒಂದು ಚಿತ್ರಕ್ಕೂ ಅಲ್ಲಿ ಜಾಗ ಸಿಗುವುದಿಲ್ಲ. ಯಾಕೆಂದರೆ ಅವೆಲ್ಲ ಮೂಕಿ ಚಿತ್ರಗಳು, ಅವುಗಳಿಗೆ ಭಾಷೆಯೇ ಇರಲಿಲ್ಲ. ಅವುಗಳನ್ನು ತೆಗೆದವರೂ ಹಾಗೇ, ಇವತ್ತು ಈ ಊರು ನಾಳೆ ಆ ಊರು ಅಂತ ಓಡಾಡುತ್ತಿದ್ದವರು. ಇಂಥವರನ್ನು ಯಾವ ರಾಜ್ಯ, ಯಾವ ಭಾಷೆ ತನ್ನವರು ಅಂತ ಇಟ್ಟುಕೊಳ್ಳಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ವೈ.ವಿ. ರಾವ್ ಅವರ ವೃತ್ತಿಬದುಕಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಪೂರ್ತಿ ಹೆಸರು ಯರಗುಡಿಪಾಟಿ ವರದರಾವ್. 1903ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದವರು, 1973ರಲ್ಲಿ ತೀರಿಕೊಂಡರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ನಿರ್ದೇಶಕರು ಇವರೇ. ನಮ್ಮಲ್ಲಿ ಬಹಳ ಜನಕ್ಕೆ ಇವರಿಗಿಂತ ಇವರ ಮಗಳು ಚೆನ್ನಾಗಿ ಗೊತ್ತು. ‘ಗೋವಾದಲ್ಲಿ ಸಿ.ಐ.ಡಿ. 999’ರಲ್ಲಿ ರಾಜ್‌ಕುಮಾರ್ ಜೊತೆ ಬಂದ, ‘ನಾ ನಿನ್ನ ಮರೆಯಲಾರೆ’ಯಲ್ಲಿ ಎಲ್ಲರ ಮೆಚ್ಚುಗೆ ಗಳಿಸಿದ, ‘ಮಕ್ಕಳ ಸೈನ್ಯ’ವನ್ನು ತಾವೇ ನಿರ್ದೇಶಿಸಿದ ಲಕ್ಷ್ಮಿ. ಜೂಲಿ ಲಕ್ಷ್ಮಿ ಅಂದರೆ ಸಾಕು, ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರಿಗೂ ಮುಖ ಕಣ್ಣ ಮುಂದೆ ಬರುತ್ತದೆ. ಅವರ ಅಪ್ಪನ ಮುಖ ಬರುವುದಿಲ್ಲ. ಮಾರ್ಚ್ 3, ಅಂದರೆ ‘ಸತಿ ಸುಲೋಚನ’ ಬಿಡುಗಡೆಯಾದ ದಿನ, ವಿಶ್ವ ಕನ್ನಡ ಸಿನಿಮಾ ದಿನ ಅಂತ ಈಗ ಆಚರಣೆಯಾಗುತ್ತದೆ. ಆದರೆ ಆ ಚಿತ್ರದ ಒಂದು ಪ್ರಿಂಟ್ ಎಲ್ಲಿಯೂ ಇಲ್ಲ. ಹುಟ್ಟುಹಬ್ಬ ಮಾಡುತ್ತೇವೆ, ಹುಟ್ಟಿದ್ದೇ ನಮ್ಮ ಬಳಿ ಇಲ್ಲ.

ವಾಕ್ಚಿತ್ರದ ಕಥೆಯೇ ಹೀಗಾದರೆ ಮೂಕಿಯದ್ದು ಇನ್ನೂ ಕಷ್ಟ. ಭಾರತದಲ್ಲಿ ತಯಾರಾದ ಮೂಕಿ ಚಿತ್ರಗಳ ಸಂಖ್ಯೆ ಸುಮಾರು 1,300 ಅಂತ ಲೆಕ್ಕ. ಅವುಗಳಲ್ಲಿ ಪೂರ್ತಿಯಾಗಿಯೋ ತುಂಡಾಗಿಯೋ ಉಳಿದಿರುವುದು 30ರ ಆಸುಪಾಸು. ನೂರಕ್ಕೆ ಎರಡು ಅಂದುಕೊಳ್ಳಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ತನ್ನ ದೇಶದ ಲೆಕ್ಕ ತೆಗೆದಾಗ ಅಲ್ಲಿ ಹೊರಬಂದ ಸುಮಾರು 11,000 ಪೂರ್ಣಾವಧಿ ಮೂಕಿ ಚಿತ್ರಗಳಲ್ಲಿ ಮೂಲರೂಪದಲ್ಲೇ ಉಳಿದದ್ದು ಶೇಕಡ 14. ಅದನ್ನೇ ಅವರು ದೊಡ್ಡ ನಷ್ಟ ಅಂತ ಬರೆದುಕೊಂಡರು. ನಮ್ಮದು ಶೇಕಡ 2. ದಕ್ಷಿಣ ಭಾರತದ್ದು ಮಾತ್ರ ತೆಗೆದುಕೊಂಡರೆ ಪೂರ್ತಿ ಉಳಿದಿರುವುದು ಒಂದೇ, 1933ರ ‘ಮಾರ್ತಾಂಡ ವರ್ಮ’. ಅದನ್ನು ನಿರ್ದೇಶಿಸಿದವರು ಪಿ.ವಿ. ರಾವ್, ಹೆಸರು ಹತ್ತಿರ ಇದ್ದರೂ ಇಬ್ಬರೂ ಬೇರೆ ಬೇರೆ.

ಯಾಕೆ ಹೀಗಾಯಿತು ಅನ್ನುವುದಕ್ಕೆ ಕಾರಣಗಳು ಹಲವು. ಆ ಕಾಲದ ಫಿಲಂ ನೈಟ್ರೇಟ್ ಅನ್ನುವ ವಸ್ತುವಿನದು. ಅದು ತಾನಾಗಿಯೇ ಕೊಳೆಯುತ್ತದೆ, ಮೊದಲು ಚಿತ್ರ ಮಸುಕಾಗುತ್ತದೆ, ಆಮೇಲೆ ಸುರುಳಿ ಅಂಟಂಟಾಗುತ್ತದೆ, ಕೊನೆಗೆ ಡಬ್ಬಿ ತೆರೆದರೆ ಕಂದು ಪುಡಿ. ಬೆಂಕಿ ಹತ್ತಿದರೆ ಆರಿಸುವುದೂ ಕಷ್ಟ, ಉರಿಯುವಾಗ ಆಮ್ಲಜನಕವನ್ನು ಅದೇ ಬಿಡುವುದರಿಂದ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. 2003ರ ಜನವರಿಯಲ್ಲಿ ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ಆವರಣದಲ್ಲಿ ನೈಟ್ರೇಟ್ ಫಿಲಂ ಇಟ್ಟಿದ್ದ ಕೋಣೆಗಳಿಗೆ ಬೆಂಕಿ ಬಿದ್ದು ನೂರಾರು ಹಳೆಯ ಚಿತ್ರಗಳು ಹೋದವು. ಕಾಪಾಡಲು ಅಂತ ತಂದಿಟ್ಟವುಗಳ ಗತಿಯೇ ಹೀಗಾದರೆ, ಯಾರದೋ ಗೋದಾಮಿನಲ್ಲಿ, ಮಳೆಗಾಲದ ತೇವದಲ್ಲಿ, ಏಪ್ರಿಲ್ ಬಿಸಿಲಿನಲ್ಲಿ ಇದ್ದವುಗಳ ಬಗ್ಗೆ ಹೇಳುವುದೇ ಬೇಡ.

ಆದರೆ ಎಲ್ಲವನ್ನೂ ಬೆಂಕಿ ಮತ್ತು ಬಿಸಿಲಿನ ಮೇಲೆ ಹಾಕುವುದು ಸರಿಯಲ್ಲ. ದೊಡ್ಡ ಪಾಲು ನಾವೇ ಕೈಯಾರೆ ಕಳೆದದ್ದು. ಕಪ್ಪು ಬಿಳುಪು ಫಿಲಂನಲ್ಲಿ ಬೆಳ್ಳಿಯ ಅಂಶ ಇರುತ್ತದೆ. ಓಡಿ ಮುಗಿದ ಚಿತ್ರದಿಂದ ಇನ್ನು ಕಾಸು ಹುಟ್ಟುವುದಿಲ್ಲ ಅಂತಾದಾಗ ರೀಲುಗಳನ್ನು ತೂಕದ ಮೇಲೆ ಮಾರಿದರು. ಬೆಳ್ಳಿ ತೆಗೆದರು, ಉಳಿದ ಸೆಲ್ಯುಲಾಯ್ಡ್ ಬಳೆಗೋ ಚೀಲಕ್ಕೋ ಹೋಯಿತು. 1931ರಲ್ಲಿ ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ ಬಂದ ಮೇಲೆ ಮೂಕಿ ಚಿತ್ರದ ಮಾರುಕಟ್ಟೆ ಮೂರ್ನಾಲ್ಕು ವರ್ಷದಲ್ಲಿ ಪೂರ್ತಿ ಮುಗಿಯಿತು. ಮಾತು ಬಂದ ಮೇಲೆ ಮಾತಿಲ್ಲದ್ದನ್ನು ಯಾರು ನೋಡುತ್ತಾರೆ ಅಲ್ವಾ? ಹಂಚಿಕೆದಾರನ ಲೆಕ್ಕದಲ್ಲಿ ಅದು ಜಾಗ ತಿನ್ನುವ, ಬೆಂಕಿ ಹತ್ತಿಕೊಳ್ಳುವ, ವಿಮೆಗೆ ತೊಂದರೆ ಕೊಡುವ ವಸ್ತು. ಇಟ್ಟುಕೊಳ್ಳಲು ಅವನಿಗೆ ಒಂದು ಕಾರಣವೂ ಇರಲಿಲ್ಲ, ಇಟ್ಟುಕೋ ಅಂತ ಹೇಳುವ ಕಾನೂನೂ ಇರಲಿಲ್ಲ. ಪುಸ್ತಕ ಅಚ್ಚಾದರೆ ಒಂದು ಪ್ರತಿ ಗ್ರಂಥಾಲಯಕ್ಕೆ ಕೊಡಬೇಕು ಅನ್ನುವ ಕಾನೂನು ನಮ್ಮಲ್ಲಿದೆ. ಸಿನಿಮಾಕ್ಕೆ ಅಂಥದ್ದು ಇವತ್ತಿಗೂ ಇಲ್ಲ.

ಈಗ ವೈ.ವಿ. ರಾವ್ ಅವರ ಕಡೆ ಬರೋಣ. ಅವರು ಮೂಕಿಗೆ ಬಂದದ್ದು ನಟರಾಗಿ. ಮದ್ರಾಸಿನಲ್ಲಿ ಆ ಹೊತ್ತಿಗೆ ಎ. ನಾರಾಯಣನ್ ಅವರು ಜನರಲ್ ಪಿಕ್ಚರ್ಸ್ ಕಾರ್ಪೊರೇಷನ್ ಶುರು ಮಾಡಿದ್ದರು. ದಕ್ಷಿಣದಲ್ಲಿ ಸಿನಿಮಾವನ್ನು ಒಂದು ಉದ್ಯಮದ ಹಾಗೆ, ವರ್ಷಕ್ಕೆ ಹಲವು ಚಿತ್ರ ಅಂತ ಲೆಕ್ಕ ಹಾಕಿ ತೆಗೆದ ಮೊದಲ ಕಂಪನಿಗಳಲ್ಲಿ ಅದೊಂದು. ‘ಗರುಡ ಗರ್ವಭಂಗಂ’, ‘ರೋಸ್ ಆಫ್ ರಾಜಸ್ಥಾನ್’ ಥರದ ಚಿತ್ರಗಳಲ್ಲಿ ರಾವ್ ನಟಿಸಿದರು. ನಟಿಸುತ್ತಲೇ ನಿರ್ದೇಶನಕ್ಕೆ ಇಳಿದರು. 1930ರಲ್ಲಿ ‘ಪಾಂಡವ ನಿರ್ವಾಣ’, ‘ಪಾಂಡವ ಅಜ್ಞಾತವಾಸ’, ‘ಸಾರಂಗಧರ’. ಹೆಸರು ನೋಡಿದರೇ ಗೊತ್ತಾಗುತ್ತದೆ, ಎಲ್ಲ ಜನಕ್ಕೆ ಮೊದಲೇ ಗೊತ್ತಿದ್ದ ಕಥೆಗಳು. ಅದರಲ್ಲಿ ಒಂದು ಲೆಕ್ಕಾಚಾರ ಇತ್ತು. ಮಾತಿಲ್ಲದ ಚಿತ್ರದಲ್ಲಿ ಪಾತ್ರ ಯಾರು, ಯಾಕೆ ಅಳುತ್ತಿದ್ದಾರೆ ಅನ್ನುವುದನ್ನು ಅಕ್ಷರದ ಫಲಕ ಹಾಕಿ ಹೇಳಬೇಕು. ಆದರೆ ಟೆಂಟ್ ಸಿನಿಮಾಕ್ಕೆ ಬರುವ ಬಹಳಷ್ಟು ಜನಕ್ಕೆ ಓದು ಬರುತ್ತಿರಲಿಲ್ಲ. ವಿರಾಟನ ಅರಮನೆಯಲ್ಲಿ ಪಾಂಡವರು ಅಂದ ತಕ್ಷಣ ನೆಲ್ಲೂರಿನವನಿಗೂ ತುಮಕೂರಿನವನಿಗೂ ಮಧುರೆಯವನಿಗೂ ಮುಂದಿನದ್ದು ತಾನಾಗಿ ತಿಳಿಯುತ್ತದೆ. ಫಲಕಗಳನ್ನು ಎರಡು ಮೂರು ಭಾಷೆಯಲ್ಲಿ ಹಾಕುತ್ತಿದ್ದರು, ಕೆಲವು ಕಡೆ ಪರದೆ ಪಕ್ಕ ನಿಂತು ಕಥೆ ಹೇಳುವವರೂ ಇರುತ್ತಿದ್ದರು. ಒಂದೇ ಪ್ರಿಂಟ್ ನಾಲ್ಕು ಭಾಷೆಯ ಸೀಮೆಯಲ್ಲಿ ಓಡುತ್ತಿತ್ತು. ಈಗ ಪ್ಯಾನ್ ಇಂಡಿಯಾ ಅಂತ ನಾವು ದೊಡ್ಡದಾಗಿ ಹೇಳುವುದು ಅವತ್ತು ಎಲ್ಲ ಚಿತ್ರಕ್ಕೂ ಮಾಮೂಲಿ ವ್ಯವಸ್ಥೆ.

ಬೆಂಗಳೂರು ಆಗ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ಹರಿಭಾಯಿ ದೇಸಾಯಿಯವರ ಸೂರ್ಯ ಫಿಲಂ ಕಂಪನಿ ಇಲ್ಲೇ ಮೂಕಿ ಚಿತ್ರಗಳನ್ನು ತೆಗೆಯುತ್ತಿತ್ತು. ಮೋಹನ್ ಭವನಾನಿ ಬಂದು ಶೂದ್ರಕನ ‘ಮೃಚ್ಛಕಟಿಕ’ವನ್ನು ‘ವಸಂತಸೇನ’ ಅಂತ ಚಿತ್ರ ಮಾಡಿದರು. ಅದರಲ್ಲಿ ನಟಿಸಿದವರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದರು, ಟಿ.ಪಿ. ಕೈಲಾಸಂ ಇದ್ದರು. ಸ್ವಲ್ಪ ನಿಂತು ಯೋಚನೆ ಮಾಡಿ. ಕೈಲಾಸಂ ನಡೆದಾಡುವುದನ್ನು, ಮುಖ ತಿರುಗಿಸುವುದನ್ನು, ನಗುವುದನ್ನು ಹಿಡಿದಿಟ್ಟ ಫಿಲಂ ಒಂದು ಕಾಲದಲ್ಲಿ ಇತ್ತು. ನಮ್ಮ ಕೈಯಲ್ಲಿ ಈಗ ಇರುವುದು ಫೋಟೋಗಳು ಮಾತ್ರ. ಈ ನಷ್ಟವನ್ನು ನಾನು ಅಂಕಿಸಂಖ್ಯೆಯಲ್ಲಿ ನೋಡಲಾರೆ, ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ.

ಗುಬ್ಬಿ ವೀರಣ್ಣನವರೂ ಇದೇ ಕಾಲದಲ್ಲಿ ಸಿನಿಮಾಕ್ಕೆ ಕೈಹಾಕಿದರು. ನಾಟಕ ಕಂಪನಿಯ ದುಡಿಮೆಯಿಂದ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಶುರು ಮಾಡಿ 1931ರಲ್ಲಿ ‘ಹಿಸ್ ಲವ್ ಅಫೇರ್’ ತೆಗೆಸಿದರು, ಅದರ ನಿರ್ದೇಶಕ ರಾಫೇಲ್ ಆಲ್ಗೋ ಬೆಲ್ಜಿಯಂ ದೇಶದವರು. 1932ರಲ್ಲಿ ‘ಹರಿಮಾಯ’. ಅದಕ್ಕೆ ನಿರ್ದೇಶಕ ವೈ.ವಿ. ರಾವ್. ನೆಲ್ಲೂರಿನ ನಿರ್ದೇಶಕ, ಗುಬ್ಬಿಯ ನಿರ್ಮಾಪಕ, ಮಾತೇ ಇಲ್ಲದ ಚಿತ್ರ. ಇದು ಕನ್ನಡ ಚಿತ್ರವೋ ಅಲ್ಲವೋ? ಈಗಿನ ಪಟ್ಟಿಗಳ ಪ್ರಕಾರ ಅಲ್ಲ, ಯಾಕೆಂದರೆ ಕನ್ನಡ ಚಿತ್ರಗಳ ಎಣಿಕೆ ‘ಸತಿ ಸುಲೋಚನ’ದಿಂದ ಶುರುವಾಗುತ್ತದೆ. ಆದರೆ ಕನ್ನಡ ರಂಗಭೂಮಿಯ ಅತಿ ದೊಡ್ಡ ಕಂಪನಿಯ ಯಜಮಾನ ತನ್ನ ಹಣ ಸುರಿದು, ತನ್ನ ನಾಡಿನಲ್ಲಿ ಮಾಡಿಸಿದ ಚಿತ್ರ ಕನ್ನಡದ್ದಲ್ಲ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇಲ್ಲಿಂದ ಎರಡೇ ವರ್ಷಕ್ಕೆ ‘ಸತಿ ಸುಲೋಚನ’. ಈ ಎರಡು ವರ್ಷದಲ್ಲಿ ಏನಾಯಿತು ಅನ್ನುವುದು ಮುಖ್ಯ. ಮಾತು ಬಂತು, ಮೂಕಿಯ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಶಬ್ದ ಹಿಡಿಯುವ ಸ್ಟುಡಿಯೋ ಬೆಂಗಳೂರಿನಲ್ಲಿ ಇರಲಿಲ್ಲ, ಮದ್ರಾಸಿಗೂ ಅದು ಬಂದದ್ದು 1934ರಲ್ಲಿ, ಅದೇ ನಾರಾಯಣನ್ ಅವರ ಶ್ರೀನಿವಾಸ ಸಿನಿಟೋನ್ ಮೂಲಕ. ಹಾಗಾಗಿ ದಕ್ಷಿಣದ ಎಲ್ಲರೂ ಬೊಂಬಾಯಿ, ಕೊಲ್ಲಾಪುರ, ಕಲ್ಕತ್ತಕ್ಕೆ ರೈಲು ಹತ್ತಬೇಕಾಯಿತು. ಬೆಂಗಳೂರಿನಲ್ಲಿ ವ್ಯಾಪಾರ ಮಾಡುತ್ತಿದ್ದ ಷಾ ಚಮನ್‌ಲಾಲ್ ಡೂಂಗಾಜಿ ಅವರು ಸೌತ್ ಇಂಡಿಯಾ ಮೂವಿಟೋನ್ ಅಂತ ಕಂಪನಿ ಮಾಡಿ ಸುಮಾರು 40,000 ರೂಪಾಯಿ ಹಾಕಿದರು. ಆರ್. ನಾಗೇಂದ್ರರಾಯರು, ಎಂ.ವಿ. ಸುಬ್ಬಯ್ಯ ನಾಯ್ಡು ಅವರು, ಅಂದರೆ ನಾಟಕ ಕಂಪನಿಯ ನುರಿತ ಕಲಾವಿದರು, ಕೊಲ್ಲಾಪುರದ ಛತ್ರಪತಿ ಸ್ಟುಡಿಯೋಗೆ ಹೋದರು. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಸಂಭಾಷಣೆ, ಹಾಡು ಬರೆದರು. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನ, ನಾಗೇಂದ್ರರಾಯರು ರಾವಣ. ಲಕ್ಷ್ಮಣನ ಪಾತ್ರಕ್ಕೆ ನಿರ್ದೇಶಕ ವೈ.ವಿ. ರಾವ್ ಅವರೇ ನಿಂತರು. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು, ಜನ ಮುಗಿಬಿದ್ದು ನೋಡಿದರು.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಕನ್ನಡದ ಮೊದಲ ಮಾತಿನ ಚಿತ್ರವನ್ನು ಕನ್ನಡ ಮನೆಮಾತಲ್ಲದ ಒಬ್ಬರ ಕೈಗೆ ಯಾಕೆ ಕೊಟ್ಟರು? ಉತ್ತರ ಸರಳ. ಮಾತು ಗೊತ್ತಿದ್ದವರು ನಾಟಕ ಕಂಪನಿಯಲ್ಲಿ ಬೇಕಾದಷ್ಟು ಜನ ಇದ್ದರು. ಕ್ಯಾಮೆರಾ ಗೊತ್ತಿದ್ದವರು ಇರಲಿಲ್ಲ. ರಂಗದ ಮೇಲೆ ಹತ್ತಾರು ವರ್ಷ ಪಳಗಿದ ನಟನಿಗೆ ಕೊನೇ ಸಾಲಿನ ಪ್ರೇಕ್ಷಕನಿಗೂ ಕೇಳುವ ಹಾಗೆ ಹಾಡುವುದು, ಕೈ ಬೀಸುವುದು ಗೊತ್ತಿರುತ್ತದೆ. ಒಂದು ದೃಶ್ಯವನ್ನು ತುಂಡು ತುಂಡಾಗಿ ತೆಗೆದು ಆಮೇಲೆ ಜೋಡಿಸುವುದು, ಯಾವ ತುಂಡಿನಲ್ಲಿ ಮುಖ ಹತ್ತಿರ ಇರಬೇಕು, ಯಾವುದರಲ್ಲಿ ಸೈನ್ಯ ದೂರ ಕಾಣಬೇಕು, ಯಾರು ಯಾವ ಕಡೆ ನೋಡಿದರೆ ಮುಂದಿನ ತುಂಡಿಗೆ ಹೊಂದುತ್ತದೆ, ಇದೆಲ್ಲ ಮೂಕಿಯಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಅಭ್ಯಾಸವಾಗಿತ್ತು. ಭಾರತದ ಹಲವು ಭಾಷೆಗಳ ಮೊದಲ ವಾಕ್ಚಿತ್ರಗಳ ಹಿಂದೆಯೂ ಹೀಗೆ ಮೂಕಿಯಲ್ಲಿ ತಯಾರಾದ ಒಬ್ಬರು ಇದ್ದಾರೆ. ‘ಆಲಂ ಆರಾ’ದ ಆರ್ದೇಶಿರ್ ಇರಾನಿ, ತಮಿಳಿನ ‘ಕಾಳಿದಾಸ್’ ಮತ್ತು ತೆಲುಗಿನ ‘ಭಕ್ತ ಪ್ರಹ್ಲಾದ’ದ ಎಚ್.ಎಂ. ರೆಡ್ಡಿ, ಎಲ್ಲರೂ ಅಲ್ಲಿಂದಲೇ ಬಂದವರು. ಭಾಷೆಗಳು ಸಿನಿಮಾಕ್ಕೆ ಬರುವ ಮೊದಲು ಸಿನಿಮಾದ ಕಸುಬು ಎಲ್ಲರಿಗೂ ಒಂದೇ ಆಗಿತ್ತು.

ಮೂಕಿಯ ನಿರ್ದೇಶಕರಲ್ಲಿ ಬಹಳ ಜನ ಮಾತು ಬಂದ ಮೇಲೆ ಹಿಂದೆ ಸರಿದರು. ರಾವ್ ಸರಿಯಲಿಲ್ಲ, ಬೆಳೆದರು. ಹೇಗೆ ಅಂತ ನೋಡಿದರೆ ಒಂದು ಎಳೆ ಸಿಗುತ್ತದೆ. 1937ರಲ್ಲಿ ತಮಿಳಿನ ‘ಚಿಂತಾಮಣಿ’. ಮಧುರೆಯ ರಾಯಲ್ ಟಾಕೀಸ್‌ನವರ ಚಿತ್ರ, ಎಂ.ಕೆ. ತ್ಯಾಗರಾಜ ಭಾಗವತರ್ ನಾಯಕ. ನಾಯಕಿ ಯಾರು ಗೊತ್ತಾ? ‘ಸದಾರಮೆ’ಯಲ್ಲಿ ನಟಿಸಿದ್ದ ನಮ್ಮ ಅಶ್ವತ್ಥಮ್ಮ. ಮನೆಮಾತು ತಮಿಳಲ್ಲ. ಚಿತ್ರ ಒಂದು ವರ್ಷಕ್ಕೂ ಜಾಸ್ತಿ ಓಡಿತು, ಬಂದ ಲಾಭದಲ್ಲಿ ಮಧುರೆಯಲ್ಲಿ ಚಿಂತಾಮಣಿ ಅನ್ನುವ ಹೆಸರಿನಲ್ಲೇ ಒಂದು ಚಿತ್ರಮಂದಿರ ಕಟ್ಟಿದರು. 1941ರಲ್ಲಿ ‘ಸಾವಿತ್ರಿ’. ಸಾವಿತ್ರಿಯ ಪಾತ್ರಕ್ಕೆ ಮರಾಠಿಯ ಶಾಂತಾ ಆಪ್ಟೆಯನ್ನು ಕರೆಸಿದರು, ಅವರು ತಮಿಳು ಕಲಿತು ಮಾಡಿದರು. ನಾರದನ ಪಾತ್ರದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ, ತಮಿಳಿನ ‘ಕಲ್ಕಿ’ ಪತ್ರಿಕೆ ಶುರು ಮಾಡಲು ಅವರ ಗಂಡನಿಗೆ ಹಣ ಬೇಕಿತ್ತು, ಅದಕ್ಕಾಗಿ ಒಪ್ಪಿಕೊಂಡ ಗಂಡು ಪಾತ್ರ ಅದು. ಸತ್ಯವಾನನಾಗಿ ರಾವ್ ಅವರೇ.

ಪಾತ್ರಕ್ಕೆ ಜನರನ್ನು ಆರಿಸುವಾಗ ರಾವ್ ಭಾಷೆಯನ್ನು ಕೊನೆಗೆ ನೋಡಿದಂತೆ ಕಾಣುತ್ತದೆ. ಮೊದಲು ಮುಖ, ಆಮೇಲೆ ಕಂಠ, ಭಾಷೆ ಕಲಿಸಿದರಾಯಿತು. ಇದು ಮೂಕಿಯಲ್ಲಿ ಕಲಿತವರ ಕಣ್ಣು ಅಂತ ನನ್ನ ಅನಿಸಿಕೆ. ತಾನೇ ನಟಿಸಿ ತಾನೇ ನಿರ್ದೇಶಿಸುವುದೂ ಅದೇ ಕಾಲದ ಅಭ್ಯಾಸ, ಅದನ್ನು ಅವರು ಲಕ್ಷ್ಮಣನಿಂದ ಸತ್ಯವಾನನವರೆಗೆ, 1946ರ ‘ಲವಂಗಿ’ಯ ಜಗನ್ನಾಥ ಪಂಡಿತನವರೆಗೆ ಬಿಡಲಿಲ್ಲ. ‘ಲವಂಗಿ’ಯ ನಾಯಕಿ ಕುಮಾರಿ ರುಕ್ಮಿಣಿ, ಮುಂದೆ ರಾವ್ ಅವರ ಪತ್ನಿ, ಲಕ್ಷ್ಮಿಯವರ ತಾಯಿ.

ತೆಲುಗಿನಲ್ಲಿ ಮಾಡಿದ ಕೆಲಸ ಇನ್ನೂ ಕುತೂಹಲದ್ದು. 1939ರ ‘ಮಳ್ಳಿ ಪೆಳ್ಳಿ’ ವಿಧವಾ ವಿವಾಹದ ಕಥೆ. ಕಾಂಚನಮಾಲಾ ನಾಯಕಿ, ರಾವ್ ನಾಯಕ. ಪೌರಾಣಿಕದಲ್ಲೇ ಹುಟ್ಟಿ ಬೆಳೆದ ನಿರ್ದೇಶಕ, ಪೌರಾಣಿಕಕ್ಕೆ ಖಾತರಿ ದುಡ್ಡು ಇದ್ದ ಕಾಲದಲ್ಲಿ, ಸುಧಾರಣೆಯ ವಿಷಯ ಇಟ್ಟುಕೊಂಡು ಸಾಮಾಜಿಕ ಚಿತ್ರ ತೆಗೆದರು. ಮರುವರ್ಷ ‘ವಿಶ್ವಮೋಹಿನಿ’. ವಿ. ನಾಗಯ್ಯ ಇದ್ದ ಆ ಚಿತ್ರದ ವಸ್ತು ಸಿನಿಮಾ ಲೋಕವೇ. ಕಥೆ ಅಲ್ಲಿಗೆ ಮುಗಿಯಲಿಲ್ಲ. 1961ರಲ್ಲಿ ಕನ್ನಡಕ್ಕೆ ‘ನಾಗಾರ್ಜುನ’ ಮಾಡಿದರು, ನಾಯಕ ರಾಜ್‌ಕುಮಾರ್. ಕನ್ನಡ ವಾಕ್ಚಿತ್ರದ ಮೊದಲ ದಿನ ಕ್ಯಾಮೆರಾ ಹಿಂದೆ ಇದ್ದವರೇ 27 ವರ್ಷದ ಮೇಲೆ ರಾಜ್‌ಕುಮಾರ್‌ಗೆ ಆ್ಯಕ್ಷನ್ ಹೇಳಿದರು. ಇಷ್ಟು ಉದ್ದದ ನಂಟು ಇಟ್ಟುಕೊಂಡವರನ್ನು ಹೊರಗಿನವರು ಅನ್ನಲು ಆಗುತ್ತದೆಯೇ?

ಆದರೂ ಹಾಗೇ ಆಗಿದೆ. ಕನ್ನಡ ಸಿನಿಮಾ ಚರಿತ್ರೆಯಲ್ಲಿ ‘ಸತಿ ಸುಲೋಚನ’ದ ಬಗ್ಗೆ ಬರೆಯುವಾಗ ನಾಗೇಂದ್ರರಾಯರ ಬಗ್ಗೆ, ಸುಬ್ಬಯ್ಯ ನಾಯ್ಡು ಅವರ ಬಗ್ಗೆ ಪುಟಗಟ್ಟಲೆ ಸಿಗುತ್ತದೆ, ಸಿಗಬೇಕಾದದ್ದೇ. ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್, ಮೊಮ್ಮಗ ಸೃಜನ್ ಲೋಕೇಶ್, ಹೀಗೆ ಆ ಮನೆತನ ನಮ್ಮ ಕಣ್ಣ ಮುಂದೆಯೇ ಇದೆ. ನಿರ್ದೇಶಕರಿಗೆ ಮಾತ್ರ ಒಂದು ಸಾಲು. ತಮಿಳು ಚರಿತ್ರೆಯಲ್ಲಿ ‘ಚಿಂತಾಮಣಿ’ ಭಾಗವತರ್ ಚಿತ್ರ, ‘ಸಾವಿತ್ರಿ’ ಎಂ.ಎಸ್. ಚಿತ್ರ. ತೆಲುಗಿನಲ್ಲಿ ‘ವಿಶ್ವಮೋಹಿನಿ’ ನಾಗಯ್ಯ ಚಿತ್ರ. ಒಂದೊಂದು ಭಾಷೆಯೂ ತನ್ನ ಪಾಲಿನ ಎರಡೋ ಮೂರೋ ಚಿತ್ರ ಎತ್ತಿಕೊಂಡಿದೆ, ಇಡೀ ಮನುಷ್ಯನನ್ನು ಯಾರೂ ಎತ್ತಿಕೊಂಡಿಲ್ಲ. ಅವರ ಮೂಕಿ ಚಿತ್ರಗಳಂತೂ ಯಾರ ಪಾಲಿಗೂ ಬರಲಿಲ್ಲ. 1956ರಲ್ಲಿ ಭಾಷೆಯ ಪ್ರಕಾರ ರಾಜ್ಯಗಳಾದ ಮೇಲೆ ಸಿನಿಮಾ ಸಬ್ಸಿಡಿ, ಪ್ರಶಸ್ತಿ, ಅಕಾಡೆಮಿ ಎಲ್ಲವೂ ಅದೇ ಗೆರೆಯ ಮೇಲೆ ನಡೆದವು. ಇದರಿಂದ ಕನ್ನಡಕ್ಕೆ ಒಳ್ಳೆಯದೇ ಆಯಿತು, ಸಬ್ಸಿಡಿ ಇಲ್ಲದಿದ್ದರೆ ನಮ್ಮ ಉದ್ಯಮ ಮದ್ರಾಸಿನಿಂದ ಬೆಂಗಳೂರಿಗೆ ಬರುವುದೇ ಕಷ್ಟವಿತ್ತು. ಆದರೆ ಗೆರೆ ಎಳೆಯುವ ಮುಂಚಿನ ಚಿತ್ರಗಳು ಗೆರೆಯ ಯಾವ ಕಡೆಗೂ ಸೇರದೆ ಬಿದ್ದುಹೋದವು. ಇದನ್ನು ನಾನು ಬೇಕಂತಲೇ ಮಾಡಿದ ತಪ್ಪು ಅನ್ನುವುದಿಲ್ಲ. ಈಗಲೂ ಅದನ್ನೇ ಮುಂದುವರಿಸಿದರೆ ಖಂಡಿತ ತಪ್ಪು.

ಉಳಿದ ಚಿತ್ರಗಳು ಹೇಗೆ ಉಳಿದವು ಅಂತ ನೋಡಿದರೆ ಮುಂದೆ ಏನು ಮಾಡಬೇಕು ಅನ್ನುವ ಸುಳಿವು ಸಿಗುತ್ತದೆ. ‘ಮಾರ್ತಾಂಡ ವರ್ಮ’ ಉಳಿದದ್ದು ಒಂದು ಜಗಳದಿಂದ. ಸಿ.ವಿ. ರಾಮನ್ ಪಿಳ್ಳೆ ಅವರ ಕಾದಂಬರಿಯ ಹಕ್ಕು ತಮ್ಮದು ಅಂತ ತಿರುವನಂತಪುರದ ಪ್ರಕಾಶಕರು ಕೋರ್ಟಿಗೆ ಹೋದರು, ಚಿತ್ರ ನಿಂತಿತು, ಪ್ರಿಂಟ್ ಪುಸ್ತಕದಂಗಡಿಯವರ ಹತ್ತಿರ ಉಳಿಯಿತು. ನಿರ್ಮಾಪಕರ ಕೈಯಲ್ಲೇ ಇದ್ದಿದ್ದರೆ ಬೆಳ್ಳಿಗೆ ಹೋಗುತ್ತಿತ್ತೇನೋ. 1974ರಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅದನ್ನು ಪಡೆದುಕೊಂಡಿತು. ಆ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, ಮೂಕಿ ಯುಗ ಮುಗಿದು 30 ವರ್ಷ ಆದಮೇಲೆ. ಅದನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಅವರು ಊರೂರು ತಿರುಗಿ ಡಬ್ಬಿ ಹುಡುಕದಿದ್ದರೆ ದಾದಾಸಾಹೇಬ್ ಫಾಲ್ಕೆಯವರ ಚಿತ್ರಗಳ ತುಣುಕುಗಳೂ ನಮಗೆ ಇರುತ್ತಿರಲಿಲ್ಲ. ಹಿಮಾಂಶು ರಾಯ್ ಮತ್ತು ಫ್ರಾಂಜ್ ಓಸ್ಟೆನ್ ಮಾಡಿದ ‘ಶಿರಾಜ್’ ಥರದ ಚಿತ್ರಗಳು ಉಳಿದದ್ದು ಪ್ರಿಂಟ್‌ಗಳು ಯುರೋಪಿಗೆ ಹೋಗಿದ್ದರಿಂದ. 1919ರ ‘ಬಿಲ್ವಮಂಗಲ್’ ಚಿತ್ರದ ತುಣುಕು ಪ್ಯಾರಿಸ್‌ನಲ್ಲಿ ಸಿಕ್ಕಿ 2016ರಲ್ಲಿ ಪುಣೆಗೆ ಬಂತು. ರಾವ್ ಅವರ ‘ಚಿಂತಾಮಣಿ’ಯದ್ದೂ ಅದೇ ಬಿಲ್ವಮಂಗಲನ ಕಥೆ.

ಅಂದರೆ ಹುಟ್ಟಿದ ಊರಿನಲ್ಲಿ ಹುಡುಕಿದರೆ ಸಿಗುವುದು ಅಪರೂಪ. ಪ್ರಿಂಟ್ ಕೊನೆಗೆ ಎಲ್ಲಿಗೆ ಹೋಗಿ ನಿಂತಿತೋ ಅಲ್ಲಿ ಸಿಗುತ್ತದೆ. ಜರ್ಮನಿಯ ‘ಮೆಟ್ರೊಪೊಲಿಸ್’ ಚಿತ್ರದ ಕಳೆದುಹೋದ ಭಾಗಗಳು 2008ರಲ್ಲಿ ಅರ್ಜೆಂಟೀನಾದಲ್ಲಿ ಸಿಕ್ಕವು. ಜಾನ್ ಫೋರ್ಡ್ ಅವರ ಮೂಕಿ ಚಿತ್ರ ‘ಅಪ್‌ಸ್ಟ್ರೀಮ್’ ನ್ಯೂಜಿಲೆಂಡ್‌ನಲ್ಲಿ ಸಿಕ್ಕಿತು. ದೂರದ ದೇಶಕ್ಕೆ ಹೋದ ಪ್ರಿಂಟನ್ನು ವಾಪಸ್ ಕಳಿಸುವ ಖರ್ಚು ದಂಡ ಅಂತ ಅಲ್ಲೇ ಬಿಟ್ಟುಬಿಡುತ್ತಿದ್ದರು. ಮದ್ರಾಸಿನ ಮೂಕಿ ಚಿತ್ರಗಳ ಮಾರುಕಟ್ಟೆ ಸಿಲೋನ್, ಬರ್ಮಾ, ಮಲಯಾವರೆಗೆ ಇತ್ತು. ಅಲ್ಲಿ ಹುಡುಕಿದರೆ ಸಿಕ್ಕೇ ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ, ಅಲ್ಲೂ ಅದೇ ಬಿಸಿಲು, ಅದೇ ತೇವ, ಮೇಲೆ ಯುದ್ಧ ಬೇರೆ. ಆದರೆ ಹುಡುಕುವ ಮೊದಲು ಏನು ಹುಡುಕುತ್ತಿದ್ದೇವೆ ಅನ್ನುವ ಪಟ್ಟಿಯಾದರೂ ಬೇಕು. ನಮ್ಮಲ್ಲಿ ಆ ಪಟ್ಟಿಯೇ ಇಲ್ಲ.

3 ಕೋಟಿ ದೊಡ್ಡ ಮೊತ್ತವಲ್ಲ. ಫಿಲಂ ಇಡುವ ತಂಪಾದ, ತೇವ ಇಲ್ಲದ ಕೋಣೆ ಕಟ್ಟಿ ವರ್ಷಪೂರ್ತಿ ನಡೆಸುವುದಕ್ಕೇ ಬಹಳ ಹಣ ಬೇಕು. ಹಾಗಾಗಿ ಮೊದಲು 60, 70, 80ರ ದಶಕದ ಚಿತ್ರಗಳನ್ನು ಉಳಿಸಿ ಅನ್ನುವವರ ಮಾತು ನ್ಯಾಯವಾದದ್ದೇ. ಅವುಗಳ ನೆಗೆಟಿವ್ ಈಗಲೂ ಇರಬಹುದು, ತಡ ಮಾಡಿದರೆ ಫಿಲಂ ಕೊಳೆತು ವಿನೆಗರ್ ವಾಸನೆ ಬರಲು ಶುರುವಾಗಿ ಅವೂ ಹೋಗುತ್ತವೆ. ನಾನು ಕೇಳುತ್ತಿರುವುದು ಆ ಹಣದಲ್ಲಿ ಪಾಲಲ್ಲ. ಭಂಡಾರದ ನಿಯಮ ಬರೆಯುವಾಗ ಕನ್ನಡ ಭಾಷೆಯ ಚಿತ್ರಗಳು ಅನ್ನುವುದರ ಪಕ್ಕ ಈಗಿನ ಕರ್ನಾಟಕದ ನೆಲದಲ್ಲಿ ತಯಾರಾದ, ಇಲ್ಲಿನವರು ಹಣ ಹಾಕಿದ, ಇಲ್ಲಿನ ಕಲಾವಿದರು ದುಡಿದ ಚಿತ್ರಗಳು ಅಂತ ಇನ್ನೊಂದು ಸಾಲು ಸೇರಿಸಿ ಅಂತ ಅಷ್ಟೇ. ಆ ಒಂದು ಸಾಲು ಬಿದ್ದರೆ ‘ಹರಿಮಾಯ’ ಒಳಗೆ ಬರುತ್ತದೆ, ‘ವಸಂತಸೇನ’ ಒಳಗೆ ಬರುತ್ತದೆ, ಕೊಲ್ಲಾಪುರಕ್ಕೂ ಚೆನ್ನೈಗೂ ಪುಣೆಗೂ ಪತ್ರ ಬರೆದು ಕೇಳುವ ಅಧಿಕಾರ ಅಲ್ಲಿನ ಸಿಬ್ಬಂದಿಗೆ ಬರುತ್ತದೆ.

ಫಿಲಂ ಸಿಗದಿದ್ದರೂ ಕಾಗದ ಸಿಗುತ್ತದೆ, ಅದೂ ಭಂಡಾರಕ್ಕೆ ಸೇರಬೇಕಾದದ್ದೇ. 1918ರ ಸಿನಿಮಾಟೋಗ್ರಾಫ್ ಕಾಯ್ದೆಯ ನಂತರ ಬೊಂಬಾಯಿ, ಕಲ್ಕತ್ತ, ಮದ್ರಾಸು, ರಂಗೂನ್‌ಗಳಲ್ಲಿ ಸೆನ್ಸಾರ್ ಮಂಡಳಿಗಳು ಬಂದವು. ಅವು ಒಪ್ಪಿಗೆ ಕೊಟ್ಟ ಚಿತ್ರಗಳ ವಿವರ ಗೆಜೆಟ್‌ನಲ್ಲಿ ಅಚ್ಚಾಗುತ್ತಿತ್ತು, ಎಷ್ಟು ರೀಲು, ಎಷ್ಟು ಅಡಿ ಉದ್ದ ಅನ್ನುವುದೂ ಸೇರಿ. 1927-28ರಲ್ಲಿ ಸಿನಿಮಾದ ಸ್ಥಿತಿಗತಿ ವಿಚಾರಿಸಲು ಸರ್ಕಾರ ನೇಮಿಸಿದ್ದ ರಂಗಾಚಾರಿಯರ್ ಸಮಿತಿ ದೇಶವೆಲ್ಲ ಓಡಾಡಿ ಸಿನಿಮಾದವರ ಹೇಳಿಕೆ ಪಡೆದು ದಪ್ಪ ದಪ್ಪ ಸಂಪುಟ ಮಾಡಿಟ್ಟಿದೆ. ಆಗಿನ ಕನ್ನಡ, ಇಂಗ್ಲಿಷ್ ಪತ್ರಿಕೆಗಳ ಜಾಹೀರಾತು, ಕರಪತ್ರ, ಹಾಡಿನ ಪುಸ್ತಕ, ಸ್ಟಿಲ್ ಫೋಟೋ ಹಳೆಯ ಮನೆಗಳ ಅಟ್ಟದಲ್ಲಿ ಇನ್ನೂ ಇವೆ. ನಾಟಕ ಕಂಪನಿಯ ಕುಟುಂಬಗಳಲ್ಲಿ ಇವೆ. ಇವುಗಳನ್ನು ಸ್ಕ್ಯಾನ್ ಮಾಡಿ ಒಂದು ಕಡೆ ಇಡಲು ತಂಪು ಕೋಣೆ ಬೇಡ, ಕೋಟಿಗಟ್ಟಲೆ ಬೇಡ, ಆಸಕ್ತಿ ಇರುವ ನಾಲ್ಕು ಜನ ಸಂಶೋಧಕರು ಮತ್ತು ಎರಡು ವರ್ಷ ಸಾಕು.

ಬ್ರಿಟಿಷ್ ಫಿಲಂ ಇನ್‌ಸ್ಟಿಟ್ಯೂಟ್ 2010ರಲ್ಲಿ ತಮಗೆ ಬೇಕಾದ, ಕಳೆದುಹೋದ 75 ಚಿತ್ರಗಳ ಪಟ್ಟಿಯನ್ನು ಜನರ ಮುಂದಿಟ್ಟಿತು. ಹೆಸರು, ನಿರ್ದೇಶಕ, ಉದ್ದ, ಒಂದೆರಡು ಫೋಟೋ, ಸಿಕ್ಕರೆ ತಿಳಿಸಿ ಅನ್ನುವ ಮನವಿ. ಆಮೇಲೆ ಅದರಲ್ಲಿ ಕೆಲವು ನಿಜವಾಗಿಯೂ ಸಿಕ್ಕವು. ನಮ್ಮ ಪಟ್ಟಿ ಅಷ್ಟು ಉದ್ದ ಆಗಬೇಕಿಲ್ಲ. ‘ವಸಂತಸೇನ’, ‘ಹಿಸ್ ಲವ್ ಅಫೇರ್’, ‘ಹರಿಮಾಯ’, ಸೂರ್ಯ ಫಿಲಂ ಕಂಪನಿಯ ಚಿತ್ರಗಳು, ರಾವ್ ಅವರ 1930ರ ಮೂರು ಮೂಕಿಗಳು, ‘ಸತಿ ಸುಲೋಚನ’. ಇವುಗಳ ಹೆಸರು ಮತ್ತು ಗೆಜೆಟ್‌ನಲ್ಲಿ ಸಿಗುವ ಅಡಿ ಲೆಕ್ಕ ಸೇರಿಸಿ ಕನ್ನಡ, ತಮಿಳು, ತೆಲುಗು, ಇಂಗ್ಲಿಷ್, ಸಿಂಹಳ, ಬರ್ಮೀಸ್ ಭಾಷೆಗಳಲ್ಲಿ ಒಂದೊಂದು ಪುಟ ಮಾಡಿ ಕೊಲಂಬೊ, ಯಾಂಗೊನ್, ಸಿಂಗಪುರ, ಪ್ಯಾರಿಸ್, ಲಂಡನ್‌ಗೆ ಕಳಿಸಬಹುದು. ಭಂಡಾರದ ಕಟ್ಟಡಕ್ಕೆ ಇನ್ನೂ ಜಾಗ ಹುಡುಕುತ್ತಿರುವಾಗಲೇ ಈ ಕೆಲಸ ಶುರು ಮಾಡಬಹುದು.